ಎರಡು ಫ್ಲಾಟ್, ಬೇರೆ ಜಾಗದಲ್ಲಿ

ಕರ್ನಾಟಕ ಸಂಗೀತ ಕಲಿಯುವ ಮಗು ಶುರು ಮಾಡುವುದು ಮಾಯಾಮಾಳವಗೌಳದಿಂದ. ಪುರಂದರದಾಸರು ಹಾಕಿಕೊಟ್ಟ ದಾರಿ ಎಂದು ಹಿರಿಯರು ಹೇಳುತ್ತಾ ಬಂದಿದ್ದಾರೆ. ಸರಳೆ, ಜಂಟಿ, ಅಲಂಕಾರ ಎಲ್ಲ ಈ ರಾಗದಲ್ಲೇ. ಆದರೆ ಇದೇ ಮೊದಲ ಪಾಠವನ್ನು ಪಶ್ಚಿಮದವರ ಐದು ಗೆರೆಯ ಸ್ಟಾಫ್ ನೊಟೇಶನ್ನಿನಲ್ಲಿ ಬರೆಯಲು ಕೂತರೆ, ಅಲ್ಲಿ ಸಿದ್ಧವಾಗಿರುವ ಕೀ ಸಿಗ್ನೇಚರ್‌ಗಳಲ್ಲಿ ಒಂದೂ ಇದಕ್ಕೆ ಹೊಂದುವುದಿಲ್ಲ. ಈ ವಿಷಯ ಬಹಳ ದಿನದಿಂದ ನನ್ನ ತಲೆಯಲ್ಲಿದೆ. ಇವತ್ತು ಬಿಡಿಸಿ ಬರೆಯುತ್ತೇನೆ.

ಐದು ಗೆರೆಯ ಗೊಡವೆ ನಮಗೇಕೆ ಎಂದು ಕೇಳುವವರಿದ್ದಾರೆ. ದಾವಣಗೆರೆಯಲ್ಲಿ ಈಗ ಕೀಬೋರ್ಡ್, ಗಿಟಾರ್ ಕಲಿಯುವ ಮಕ್ಕಳು ಜಾಸ್ತಿ. ಅವರು ಗ್ರೇಡ್ ಪರೀಕ್ಷೆಗೆ ಓದುತ್ತಾರೆ. ಚುಕ್ಕೆ, ಕಡ್ಡಿ, ಗೆರೆ ನೋಡಿದ ಕೂಡಲೇ ಬೆರಳು ಓಡುತ್ತದೆ. ಮನೆಗೆ ಬಂದರೆ ಅಜ್ಜಿ 'ಒಂದು ದೇವರನಾಮ ನುಡಿಸೇ' ಅನ್ನುತ್ತಾರೆ. ಆಗ ಆ ಮಗುವಿನ ಕೈಗೆ ಒಂದು ಹಾಳೆ ಬೇಕು, ಅದಕ್ಕೆ ಓದಲು ಬರುವ ಲಿಪಿಯಲ್ಲಿ. ನಾನು ಬರೆಯುವುದು ಇಂಥ ಹಾಳೆಗಳನ್ನು.

ಕೀ ಸಿಗ್ನೇಚರ್ ಅಂದರೆ ಗೊತ್ತಿಲ್ಲದವರಿಗೆ ಎರಡು ಮಾತು. ಪ್ರತಿ ಸಾಲಿನ ಶುರುವಿನಲ್ಲಿ ಕೆಲವು ಶಾರ್ಪ್ (ಅರ್ಧ ಸ್ವರ ಏರಿಸುವ) ಅಥವಾ ಫ್ಲಾಟ್ (ಅರ್ಧ ಸ್ವರ ಇಳಿಸುವ) ಗುರುತುಗಳು ಇರುತ್ತವೆ. ಬಿ ಎಂಬ ಸ್ವರದ ಜಾಗದಲ್ಲಿ ಫ್ಲಾಟ್ ಇದ್ದರೆ, ಆ ಹಾಡಿನಲ್ಲಿ ಬಿ ಬಂದಾಗಲೆಲ್ಲ ಅರ್ಧ ಸ್ವರ ಕೆಳಗೆ ನುಡಿಸಬೇಕು. ಮತ್ತೆ ಮತ್ತೆ ಹೇಳಬೇಕಿಲ್ಲ. ಒಮ್ಮೆ ಹೇಳಿದರೆ ಸಾಕು. ಇಂಥ ಸಿಗ್ನೇಚರ್‌ಗಳು ಒಟ್ಟು 15: ಏನೂ ಇಲ್ಲದ್ದು ಒಂದು, ಒಂದರಿಂದ ಏಳರವರೆಗೆ ಶಾರ್ಪ್ ಇರುವವು ಏಳು, ಹಾಗೇ ಫ್ಲಾಟ್ ಇರುವವು ಏಳು. ಶಾರ್ಪ್ ಬರುವ ಸರದಿ ಎಫ್, ಸಿ, ಜಿ, ಡಿ, ಎ, ಇ, ಬಿ. ಫ್ಲಾಟ್‌ನದು ಸರಿಯಾಗಿ ಇದರ ಉಲ್ಟಾ. ಸರದಿ ತಪ್ಪುವ ಹಾಗಿಲ್ಲ. ಎರಡು ಫ್ಲಾಟ್ ಅಂದರೆ ಬಿ ಮತ್ತು ಇ, ಅಷ್ಟೇ.

ಈ ಸರದಿ ಎಲ್ಲಿಂದ ಬಂತು ಅನ್ನುವುದು ನಮ್ಮ ಸಂಗೀತ ಗೊತ್ತಿದ್ದವರಿಗೆ ತಕ್ಷಣ ಹೊಳೆಯುತ್ತದೆ. ಪೇಟಿಯಲ್ಲಿ ಬಿಳಿ ಒಂದನ್ನು, ಅಂದರೆ ಸಿ ಅನ್ನು, ಷಡ್ಜ ಮಾಡಿಕೊಂಡು ಬರೀ ಬಿಳಿ ಮನೆಗಳನ್ನು ನುಡಿಸಿ. ಶಂಕರಾಭರಣ. ಈಗ ಅದರ ಪಂಚಮವನ್ನು ಷಡ್ಜ ಮಾಡಿಕೊಂಡು ಮತ್ತೆ ಶಂಕರಾಭರಣವೇ ನುಡಿಸಿ. ನಿಷಾದಕ್ಕೆ ಬಂದಾಗ ಒಂದು ಕರಿ ಮನೆ ಮುಟ್ಟಲೇಬೇಕು. ಅದು ಎಫ್ ಶಾರ್ಪ್. ಅಲ್ಲಿಂದ ಮತ್ತೊಂದು ಪಂಚಮಕ್ಕೆ ಹೋದರೆ ಸಿ ಶಾರ್ಪ್ ಸೇರುತ್ತದೆ. ಹಾಗೆ ಒಂದೊಂದೇ. ಪಂಚಮದ ಬದಲು ಮಧ್ಯಮವನ್ನು ಷಡ್ಜ ಮಾಡುತ್ತಾ ಹೋದರೆ ಫ್ಲಾಟ್‌ಗಳು ಕೂಡುತ್ತವೆ. ಅಂದರೆ ಆ 15 ಸಿಗ್ನೇಚರ್‌ಗಳೂ ಒಂದೇ ರಾಗ. ಶ್ರುತಿ ಬದಲಾಗಿದೆ, ರಾಗ ಶಂಕರಾಭರಣವೇ.

ಇದು ತಿಳಿದ ಮೇಲೆ ಮುಂದಿನದು ಸಲೀಸು. ಶಂಕರಾಭರಣದ ಸ್ವರಗಳಿಗೆ ಗ್ರಹಭೇದ ಮಾಡಿದರೆ, ಅಂದರೆ ಅವೇ ಸ್ವರಗಳನ್ನಿಟ್ಟುಕೊಂಡು ಬೇರೊಂದನ್ನು ಷಡ್ಜ ಮಾಡಿದರೆ, ಏನೇನು ಸಿಗುತ್ತದೆ? ರಿಷಭದಿಂದ ಖರಹರಪ್ರಿಯ, ಗಾಂಧಾರದಿಂದ ತೋಡಿ, ಮಧ್ಯಮದಿಂದ ಕಲ್ಯಾಣಿ, ಪಂಚಮದಿಂದ ಹರಿಕಾಂಭೋಜಿ, ಧೈವತದಿಂದ ನಟಭೈರವಿ. ನಿಷಾದದಿಂದ ಹೊರಟರೆ ಪಂಚಮವೇ ಸಿಗುವುದಿಲ್ಲ, ಹಾಗಾಗಿ ಮೇಳ, ಅಂದರೆ ಏಳು ಸ್ವರದ ಮೂಲ ರಾಗ, ಆಗುವುದಿಲ್ಲ. ಮೂಲ ಶಂಕರಾಭರಣವೂ ಸೇರಿ ಆರು ಮೇಳ. ನಮ್ಮಲ್ಲಿರುವುದು 72. ಉಳಿದ 66 ಮೇಳಗಳಿಗೆ ಸಿದ್ಧ ಸಿಗ್ನೇಚರ್ ಇಲ್ಲವೇ ಇಲ್ಲ. ಎಷ್ಟೇ ಶ್ರುತಿ ಬದಲಿಸಿ, ಸಿಗುವುದಿಲ್ಲ.

ಹಿಂದೂಸ್ತಾನಿ ಕಡೆ ನೋಡಿದರೂ ಇದೇ ಕಥೆ. ಸಂಗೀತಶಾಸ್ತ್ರಜ್ಞ ಭಾತಖಂಡೆಯವರು ಹೇಳಿದ ಥಾಟ್‌ಗಳು (ನಮ್ಮ ಮೇಳಗಳಂಥವು) ಹತ್ತು. ಬಿಲಾವಲ್, ಕಲ್ಯಾಣ್, ಖಮಾಜ್, ಕಾಫಿ, ಆಸಾವರಿ, ಭೈರವಿ ಈ ಆರಕ್ಕೆ ಸಿಗ್ನೇಚರ್ ಇದೆ. ನೋಡಿದರೆ ಅವೇ ಆರು ಮೇಳ, ಬೇರೆ ಹೆಸರಿನಲ್ಲಿ. ಭೈರವ್, ಪೂರ್ವಿ, ಮಾರ್ವಾ, ತೋಡಿ ಈ ನಾಲ್ಕು ಹೊರಗೆ ಉಳಿಯುತ್ತವೆ. ಬೆಳಗಿನ ಜಾವದ ಭೈರವ್, ಸಂಜೆಯ ಪೂರ್ವಿ, ಮಾರ್ವಾ. ಇವನ್ನು ಬಿಟ್ಟು ನಮ್ಮ ಸಂಗೀತ ಅನ್ನುವುದಾದರೂ ಹೇಗೆ?

ಮಾಯಾಮಾಳವಗೌಳಕ್ಕೆ ಬರೋಣ. ಷಡ್ಜ ಸಿ ಆದರೆ ಶುದ್ಧ ರಿಷಭ ಡಿ ಫ್ಲಾಟ್, ಶುದ್ಧ ಧೈವತ ಎ ಫ್ಲಾಟ್. ಉಳಿದ ಸ್ವರವೆಲ್ಲ ಬಿಳಿ ಮನೆ. ಹಾಗಾಗಿ ಬೇಕಾದ್ದು ಎರಡೇ ಫ್ಲಾಟ್, ಡಿ ಮತ್ತು ಎ ಮೇಲೆ. ಆದರೆ ಸರದಿಯ ಪ್ರಕಾರ ಡಿ ಫ್ಲಾಟ್ ಬರಬೇಕಾದರೆ ಅದಕ್ಕೂ ಮೊದಲು ಬಿ, ಇ, ಎ ಮೂರೂ ಫ್ಲಾಟ್ ಆಗಿರಬೇಕು. ನಾಲ್ಕು ಫ್ಲಾಟ್ ಹಾಕಿದರೆ ಅದು ತೋಡಿ. ಅಂತರ ಗಾಂಧಾರ (ಇ), ಕಾಕಲಿ ನಿಷಾದ (ಬಿ) ಬಂದಾಗಲೆಲ್ಲ ಫ್ಲಾಟ್ ರದ್ದು ಮಾಡುವ ನ್ಯಾಚುರಲ್ ಗುರುತು ಹಾಕಿ ತೋಡಿಯನ್ನು ಅಳಿಸುತ್ತಾ ಹೋಗಬೇಕು. ಬೇಡ ಎಂದು ಸಿಗ್ನೇಚರ್ ಖಾಲಿ ಬಿಟ್ಟರೆ, ರಿಷಭ ಧೈವತ ಬಂದಾಗಲೆಲ್ಲ ಪಕ್ಕದಲ್ಲಿ ಫ್ಲಾಟ್ ಬರೆಯಬೇಕು. ಹಾಗೆ ಪಕ್ಕದಲ್ಲಿ ಬರೆದ ಗುರುತಿನ ಆಯಸ್ಸು ಒಂದು ಅಡ್ಡಗೆರೆಯವರೆಗೆ ಮಾತ್ರ. ಮುಂದಿನ ಆವರ್ತಕ್ಕೆ ಮತ್ತೆ ಬರೆಯಬೇಕು. ಮೊದಲ ಸರಳೆಯ ಹಾಳೆಯೇ ಗುರುತುಗಳಿಂದ ತುಂಬಿ ಹೋಗುತ್ತದೆ. ಮಗುವಿನ ಕಣ್ಣಿಗೆ ಕಾಣುವುದೇನು? ಪ್ರತಿ ರಿಷಭವೂ ಒಂದು ವಿನಾಯಿತಿ, ಪ್ರತಿ ಧೈವತವೂ ಒಂದು ವಿನಾಯಿತಿ. ಅವು ವಿನಾಯಿತಿ ಅಲ್ಲ. ಅವೇ ಆ ರಾಗದ ಸ್ವಂತ ಸ್ವರಗಳು.

ಹಾಗಾಗಿ ನಾನು ಡಿ ಮತ್ತು ಎ ಜಾಗದಲ್ಲಿ ಎರಡು ಫ್ಲಾಟ್ ಹಾಕಿ, ಅದನ್ನೇ ಸಿಗ್ನೇಚರ್ ಮಾಡುತ್ತೇನೆ. ಪಠ್ಯಪುಸ್ತಕದಲ್ಲಿ ಇದಿಲ್ಲ. ಆದರೂ ಹಾಕುತ್ತೇನೆ.

ಇದರಲ್ಲಿ ಒಂದು ತೊಡಕು ಇದೆ ಅನ್ನುವುದನ್ನು ವಿದ್ಯಾನಗರದ ಒಂದು ಮನೆಯಲ್ಲಿ ಕಣ್ಣಾರೆ ನೋಡಿದೆ. ಗ್ರೇಡ್ ಪರೀಕ್ಷೆಗಳನ್ನು ಚೆನ್ನಾಗಿ ಪಾಸು ಮಾಡಿದ ಹುಡುಗಿ. ಹಾಳೆ ಸ್ಟ್ಯಾಂಡಿನ ಮೇಲೆ ಇಟ್ಟುಕೊಂಡಳು, ಎರಡು ಫ್ಲಾಟ್ ಇರುವುದನ್ನು ಕಂಡಳು, ಎಲ್ಲಿವೆ ಎಂದು ನೋಡಲಿಲ್ಲ. ಬೆರಳು ತಾನಾಗೇ ಬಿ ಫ್ಲಾಟ್, ಇ ಫ್ಲಾಟ್‌ಗೆ ಹೋಯಿತು. ಸರಾಗವಾಗಿ, ಒಂದು ಸ್ವರವೂ ತಡವರಿಸದೆ, ಸರಳೆ ಪೂರ್ತಿ ಖರಹರಪ್ರಿಯದಲ್ಲಿ ಬಂತು. ಒಳಗೆ ಹೂ ಕಟ್ಟುತ್ತಿದ್ದ ಅಜ್ಜಿ ಅಲ್ಲಿಂದಲೇ ಕೂಗಿದರು: 'ಇದೇನವ್ವಾ, ಸರಳೆ ಹಿಂಗಿಲ್ಲಲ್ಲ!' ಹುಡುಗಿ ನನ್ನ ಮುಖ ನೋಡಿ, 'ಸರ್, ಟು ಫ್ಲಾಟ್ಸ್ ಅಂದ್ರೆ ಬಿ, ಇ ಅಲ್ವಾ?' ಅಂದಳು. ನಾನು ಬೆರಳಿಟ್ಟು ತೋರಿಸಿದೆ. ಒಂದು ಫ್ಲಾಟ್ ಮೇಲಿನಿಂದ ಎರಡನೇ ಗೆರೆಯ ಮೇಲೆ ಕೂತಿದೆ, ಅದು ಡಿ. ಇನ್ನೊಂದು ಕೆಳಗಿನಿಂದ ಎರಡನೇ ಸಂದಿನಲ್ಲಿದೆ, ಅದು ಎ. ಮತ್ತೆ ನುಡಿಸಿದಳು. ಅಜ್ಜಿ ಒಳಗಿನಿಂದಲೇ 'ಹಾಂ, ಈಗ ಸರಿ ಹೋಯ್ತು ನೋಡು' ಅಂದರು.

ಆ ಹುಡುಗಿಯದು ತಪ್ಪಲ್ಲ. ಎಣಿಸಿ ಓದಲು ಅವಳಿಗೆ ಕಲಿಸಿದ್ದಾರೆ. ಎಷ್ಟು ಫ್ಲಾಟ್ ಎಂದು ಎಣಿಸು, ಯಾವ ಸ್ಕೇಲ್ ಎಂದು ಹೇಳು, ಅಂಕ ತಗೋ. 15 ಸಿಗ್ನೇಚರ್ ಮಾತ್ರ ಇರುವವರೆಗೆ ಎಣಿಸಿದರೆ ಸಾಕು. ಹದಿನಾರನೆಯದು ಬಂದ ಕೂಡಲೇ ಎಣಿಕೆ ಸಾಲುವುದಿಲ್ಲ, ಜಾಗ ನೋಡಲೇಬೇಕು. ನನ್ನ ಮಟ್ಟಿಗೆ ಇದು ಕಷ್ಟವಲ್ಲ, ಲಾಭ. ಯಾವ ಸ್ವರ ಇಳಿದಿದೆ ಎಂದು ನೋಡಿ ನುಡಿಸುವವರು ರಾಗದ ಸ್ವರಗಳನ್ನು ನೋಡಿ ನುಡಿಸಿದ ಹಾಗೆ.

ಹೀಗೆ ಬರೆಯುವುದು ನಾವು ಸುಮ್ನೆ ತೆಗೆದ ತಂಟೆಯೂ ಅಲ್ಲ. ಪಶ್ಚಿಮದಲ್ಲೇ ಈ ಸರದಿ ಮೊದಲಿನಿಂದ ಇಷ್ಟು ಬಿಗಿಯಾಗಿರಲಿಲ್ಲ. ಜರ್ಮನಿಯ ಸಂಗೀತಗಾರ ಬಾಖ್ 1720ರಲ್ಲಿ ಕೈಯಾರೆ ಬರೆದಿಟ್ಟ ಒಂಟಿ ಪಿಟೀಲಿನ ಕೃತಿಗಳಲ್ಲಿ ಮೊದಲನೆಯದು ಜಿ ಮೈನರ್. ಇವತ್ತಿನ ಲೆಕ್ಕದಲ್ಲಿ ಅದಕ್ಕೆ ಎರಡು ಫ್ಲಾಟ್ ಬೇಕು. ಅವನು ಹಾಕಿದ್ದು ಒಂದೇ. ಇ ಫ್ಲಾಟ್ ಬೇಕಾದ ಕಡೆ ಪಕ್ಕದಲ್ಲಿ ಬರೆದುಕೊಂಡ. ಆ ಕಾಲಕ್ಕೆ ಅದು ಮಾಮೂಲು ಪದ್ಧತಿ. ಸ್ಕಾಟ್ಲೆಂಡಿನ ಬ್ಯಾಗ್‌ಪೈಪ್ ಪುಸ್ತಕಗಳಲ್ಲಿ ಎಷ್ಟೋ ಕಡೆ ಸಿಗ್ನೇಚರ್ರೇ ಇರುವುದಿಲ್ಲ. ಆ ವಾದ್ಯದಲ್ಲಿ ಎಫ್ ಮತ್ತು ಸಿ ಹೇಗೂ ಶಾರ್ಪ್ ಆಗೇ ನುಡಿಯುತ್ತವೆ, ಬರೆದು ಹೇಳಬೇಕಾದ ಅಗತ್ಯವಿಲ್ಲ. ತುರ್ಕಿಯವರದು ಇನ್ನೂ ಸೂಕ್ಷ್ಮ. ಅವರು ಒಂದು ಪೂರ್ಣ ಸ್ವರದ ಅಂತರವನ್ನು ಒಂಬತ್ತು ಕೋಮಾ ಎಂದು ಎಣಿಸುತ್ತಾರೆ. ರಾಸ್ತ್ ಎಂಬ ಮಖಾಮ್‌ಗೆ (ನಮ್ಮ ರಾಗದಂಥದ್ದು) ಒಂದೇ ಒಂದು ಕೋಮಾ ಇಳಿದ ಬಿ ಮತ್ತು ಒಂದು ಎಫ್ ಶಾರ್ಪ್, ಎರಡನ್ನೂ ಅಕ್ಕಪಕ್ಕ ಸಿಗ್ನೇಚರ್‌ನಲ್ಲೇ ಬರೆಯುತ್ತಾರೆ. ಪೂರ್ವ ಯೂರೋಪಿನ ಯಹೂದಿಗಳ ಕ್ಲೆಜ್ಮರ್ ಸಂಗೀತದಲ್ಲಿ ಡಿ ಷಡ್ಜವಾದ ಒಂದು ಮಟ್ಟು ಬಹಳ ಬಳಕೆಯಲ್ಲಿದೆ. ಅದನ್ನು ಬರೆಯುವವರಲ್ಲಿ ಹಲವರು ಬಿ ಫ್ಲಾಟ್, ಇ ಫ್ಲಾಟ್ ಜೊತೆಗೆ ಎಫ್ ಶಾರ್ಪ್ ಹಾಕುತ್ತಾರೆ. ನಮ್ಮ ಕಿವಿಗೆ ಅದು ವಕುಳಾಭರಣದ ಸ್ವರಗಳು.

ಎಲ್ಲರಿಗಿಂತ ನನಗೆ ಹತ್ತಿರವಾದವನು ಹಂಗೇರಿಯ ಸಂಗೀತಗಾರ ಬೇಲಾ ಬಾರ್ಟೋಕ್. ಫೋನೋಗ್ರಾಫ್ ಹೊತ್ತುಕೊಂಡು ಹಳ್ಳಿ ಹಳ್ಳಿ ಸುತ್ತಿ ಜನಪದ ಹಾಡು ಸಂಗ್ರಹಿಸಿದವನು. 1936ರಲ್ಲಿ ತುರ್ಕಿಯವರೆಗೂ ಹೋಗಿ ಬಂದ. ಹಳ್ಳಿಯವರ ಹಾಡುಗಳು ಮೇಜರ್, ಮೈನರ್ ಎಂಬ ಎರಡು ಪೆಟ್ಟಿಗೆಯಲ್ಲಿ ಕೂರುವುದಿಲ್ಲ ಎಂದು ಅವನಿಗೆ ಕಿವಿಯಿಂದಲೇ ಗೊತ್ತಾಗಿತ್ತು. 1908ರಲ್ಲಿ ಪಿಯಾನೋಗೆ ಬ್ಯಾಗಟೆಲ್ ಎಂಬ ಹದಿನಾಲ್ಕು ಪುಟ್ಟ ಕೃತಿಗಳನ್ನು ಬರೆದ. ಮೊದಲನೆಯದರ ಹಾಳೆ ತೆರೆದರೆ ಬಲಗೈ ಸಾಲಿನಲ್ಲಿ ನಾಲ್ಕು ಶಾರ್ಪ್, ಎಡಗೈ ಸಾಲಿನಲ್ಲಿ ನಾಲ್ಕು ಫ್ಲಾಟ್. ಒಂದೇ ಹಾಡು, ಎರಡು ಕೈಗೆ ಎರಡು ಸಿಗ್ನೇಚರ್. ಎಡಗೈಯ ಷಡ್ಜ ಸಿ. ಸಿ ಷಡ್ಜಕ್ಕೆ ನಾಲ್ಕು ಫ್ಲಾಟ್ ಅಂದರೆ ಏನು ಎಂದು ಮೇಲೆ ನೋಡಿದೆವಲ್ಲ, ನಮ್ಮ ತೋಡಿಯ ಸ್ವರಸ್ಥಾನಗಳು. ಗಮಕ (ಸ್ವರದ ತೂಗಾಟ) ಇಲ್ಲದ, ನೆಟ್ಟಗೆ ಇಳಿಯುವ ಸ್ವರಗಳು ಅವು, ತೋಡಿ ರಾಗ ಅಲ್ಲಿಲ್ಲ. ಆದರೂ ಮೊದಲ ಸಲ ಅದನ್ನು ನುಡಿಸಿದಾಗ ನನಗೆ ಬಹಳ ಹೊತ್ತು ಬೇರೆ ಕೆಲಸ ಮಾಡಲು ಆಗಲಿಲ್ಲ. ಮುಂದೆ ಮಕ್ಕಳ ಕಲಿಕೆಗಾಗಿಯೇ ಅವನು 153 ಕೃತಿಗಳ ಮೈಕ್ರೋಕಾಸ್ಮೊಸ್ ಬರೆದ. ಅದರಲ್ಲೂ ಸರದಿ ಮುರಿದ ಸಿಗ್ನೇಚರ್‌ಗಳಿವೆ. ಕಲಿಯುವ ಮಕ್ಕಳ ಕೈಗೇ ಅವನ್ನು ಕೊಟ್ಟ ಅನ್ನುವುದು ನನಗೆ ದೊಡ್ಡ ಧೈರ್ಯ.

ನಮ್ಮ ಪುಸ್ತಕಗಳನ್ನೇ ತೆಗೆದು ನೋಡಿ. ಕೀರ್ತನೆಯ ಮೇಲೆ ಏನು ಬರೆದಿರುತ್ತದೆ? ರಾಗ ಇಂಥದ್ದು, ಇಂಥ ಮೇಳದ ಜನ್ಯ (ಅದರಿಂದ ಹುಟ್ಟಿದ್ದು), ಆರೋಹಣ, ಅವರೋಹಣ, ತಾಳ. ಕೆಳಗೆ ಬರೀ ಸ ರಿ ಗ ಮ. ರಿ ಯಾವ ರಿ ಎಂದು ಕೆಳಗೆ ಎಲ್ಲೂ ಹೇಳುವುದಿಲ್ಲ. ಹೇಳಬೇಕಾಗಿಯೂ ಇಲ್ಲ, ಮೇಲೆ ಒಮ್ಮೆ ಹೇಳಿ ಆಗಿದೆ. ಆ ತಲೆಬರಹ ಮಾಡುವುದು ಸಿಗ್ನೇಚರ್‌ನ ಕೆಲಸವನ್ನೇ. 72 ಮೇಳಕ್ಕೂ ನಮ್ಮಲ್ಲಿ ಇದು ನಡೆಯುತ್ತಲೇ ಬಂದಿದೆ, ಯಾವ ಮೇಳಕ್ಕೂ ಇನ್ನೊಂದರ ಅಂಗಿ ಹೊಲಿಸಲಿಲ್ಲ. ಲಿಪಿ ಬದಲಾದ ಮಾತ್ರಕ್ಕೆ ಈಗ ಯಾಕೆ ಹೊಲಿಸಬೇಕು?

ನಮ್ಮ ಊರಿನ ಜಾಗವೇ ಒಂದು ಪ್ರಶ್ನೆ ಎಬ್ಬಿಸುತ್ತದೆ. ದಾವಣಗೆರೆ ನಡು ಕರ್ನಾಟಕ. ಉತ್ತರಕ್ಕೆ ಧಾರವಾಡ, ಗದಗಿನ ಹಿಂದೂಸ್ತಾನಿ, ದಕ್ಷಿಣಕ್ಕೆ ಮೈಸೂರಿನ ಕರ್ನಾಟಕಿ. ಎರಡೂ ಇಲ್ಲಿ ಕೇಳುತ್ತವೆ. ದುಗ್ಗಮ್ಮನ ಜಾತ್ರೆಗೆ ಬರುವ ನಾಟಕ ಕಂಪನಿಯ ಪೇಟಿ ಮಾಸ್ತರಿಗೆ ಒಂದು ರಾಗ ಭೂಪಾಲಿ, ಹಳೇ ಊರಿನ ಪಾಠದ ಮನೆಯಲ್ಲಿ ಅದೇ ಸ್ವರಗಳು ಮೋಹನ. ಸ ರಿ ಗ ಪ ದ, ಐದೇ ಸ್ವರ. ಮಧ್ಯಮವಿಲ್ಲ, ನಿಷಾದವಿಲ್ಲ. ಮೋಹನವನ್ನು ಹರಿಕಾಂಭೋಜಿಯ ಜನ್ಯ ಅನ್ನುತ್ತಾರೆ. ಆ ಲೆಕ್ಕದಲ್ಲಿ ಸಿಗ್ನೇಚರ್‌ಗೆ ಬಿ ಫ್ಲಾಟ್ ಬೇಕು. ಭೂಪಾಲಿಯನ್ನು ಕಲ್ಯಾಣ್ ಥಾಟಿಗೆ ಸೇರಿಸುತ್ತಾರೆ. ಆ ಲೆಕ್ಕದಲ್ಲಿ ಎಫ್ ಶಾರ್ಪ್ ಬೇಕು. ಆದರೆ ಎಫ್ ಬರುವುದೂ ಇಲ್ಲ, ಬಿ ಬರುವುದೂ ಇಲ್ಲ! ಹಾಡಿನಲ್ಲಿ ಒಮ್ಮೆಯೂ ಕೇಳದ ಸ್ವರಕ್ಕೆ ಗುರುತು ಹಾಕಿ ಮಗುವಿನ ತಲೆ ಕೆಡಿಸುವುದು ಬೇಡ ಎಂದು ನಾನು ತೀರ್ಮಾನಿಸಿದ್ದೇನೆ. ಮೋಹನದ ಹಾಳೆಯಲ್ಲಿ ಸಿಗ್ನೇಚರ್ ಖಾಲಿ. ಮಾಲ್ಕಂಸ್ ರಾಗಕ್ಕೂ ಹೀಗೇ. ಅದು ಭೈರವಿ ಥಾಟ್ ಎಂದು ನಾಲ್ಕು ಫ್ಲಾಟ್ ಹಾಕುವುದಿಲ್ಲ. ರಿಷಭ ವರ್ಜ್ಯ, ಅಂದರೆ ಬರುವುದೇ ಇಲ್ಲ, ಹಾಗಾಗಿ ಡಿ ಫ್ಲಾಟ್ ಬಿಡುತ್ತೇನೆ. ಮೂರು ಸಾಕು. ಜನ್ಯ ಯಾವುದು, ಥಾಟ್ ಯಾವುದು ಅನ್ನುವುದು ಮಾತಿನಲ್ಲಿ ಮೇಲೆ ಬರೆದರಾಯಿತು. ಇದನ್ನು ಒಪ್ಪದ ಹಿರಿಯರಿದ್ದಾರೆ. ಜನ್ಯ ಮರೆತರೆ ರಾಗ ಮರೆತ ಹಾಗೆ ಅನ್ನುತ್ತಾರೆ. ಅವರ ಕಾಳಜಿಗೆ ನನಗೆ ಗೌರವವಿದೆ. ಆದರೆ ಹಾಳೆ ಇರುವುದು ನುಡಿಸುವ ಕೈಗೆ.

ಈ ಡಿ ಫ್ಲಾಟ್, ಎ ಫ್ಲಾಟ್ ಜೋಡಿಯನ್ನು ಹಿಡಿದುಕೊಂಡು ಕೂತಾಗ ಸಿಕ್ಕ ಒಂದು ಸೊಗಸು ಹೇಳಲೇಬೇಕು. ಖಾಲಿ ಸಿಗ್ನೇಚರ್‌ನಿಂದ ಗ್ರಹಭೇದದಲ್ಲಿ ಆರು ಮೇಳ ಹುಟ್ಟುತ್ತವಲ್ಲ, ಈ ಜೋಡಿಯಿಂದಲೂ ಹುಟ್ಟುತ್ತವೆ. ಮಾಯಾಮಾಳವಗೌಳದ ಮಧ್ಯಮವಾದ ಎಫ್ ಅನ್ನು ಷಡ್ಜ ಮಾಡಿಕೊಳ್ಳಿ. ಎಫ್, ಜಿ, ಎ ಫ್ಲಾಟ್, ಬಿ, ಸಿ, ಡಿ ಫ್ಲಾಟ್, ಇ. ಸಿಂಹೇಂದ್ರಮಧ್ಯಮ! ಪಶ್ಚಿಮದವರು ಹಂಗೇರಿಯನ್ ಮೈನರ್ ಅನ್ನುವುದೂ ಇದನ್ನೇ. ರಿಷಭವಾದ ಡಿ ಫ್ಲಾಟ್ ಅನ್ನು ಷಡ್ಜ ಮಾಡಿಕೊಂಡರೆ 72ನೇ ಮೇಳ ರಸಿಕಪ್ರಿಯ. ಮೂರೂ ರಾಗಕ್ಕೆ ಅವೇ ಎರಡು ಗುರುತು, ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ಪಠ್ಯದಲ್ಲಿಲ್ಲದ ಈ ಸಿಗ್ನೇಚರ್‌ಗೆ ತನ್ನದೇ ಒಂದು ಸಂಸಾರವಿದೆ. ಇದನ್ನು ಕಂಡ ಮೇಲೆ ನನಗಂತೂ ಅದು ಅಡ್ಡದಾರಿ ಅನ್ನಿಸುವುದು ನಿಂತೇ ಹೋಯಿತು.

ಶ್ರುತಿ ಬದಲಾದರೆ ಗುರುತುಗಳ ಮುಖವೇ ಬೇರೆ. ಇ ಷಡ್ಜವಾದರೆ ಮಾಯಾಮಾಳವಗೌಳಕ್ಕೆ ಫ್ಲಾಟೇ ಇಲ್ಲ, ಜಿ ಶಾರ್ಪ್ ಮತ್ತು ಡಿ ಶಾರ್ಪ್ ಇವೆರಡೇ. ಜಿ ಷಡ್ಜವಾದರೆ ಎ ಫ್ಲಾಟ್, ಇ ಫ್ಲಾಟ್, ಎಫ್ ಶಾರ್ಪ್ ಸೇರಿ ಮೂರು. ಡಿ ಷಡ್ಜವಾದರೆ ಎರಡು ಫ್ಲಾಟ್, ಎರಡು ಶಾರ್ಪ್ ಒಟ್ಟಿಗೆ. ಈ ಕೊನೆಯದು ಬರೀ ಪುಸ್ತಕದ ಲೆಕ್ಕವಲ್ಲ. ಬ್ಯಾಂಡ್‌ಸೆಟ್‌ನಲ್ಲಿ ನುಡಿಸುವ ಬಿ ಫ್ಲಾಟ್ ಕ್ಲಾರಿನೆಟ್‌ನಲ್ಲಿ ಸಿ ಎಂದು ಓದಿ ಊದಿದರೆ ಕೇಳುವುದು ಬಿ ಫ್ಲಾಟ್. ಕೀಬೋರ್ಡಿನ ಸಿ ಷಡ್ಜಕ್ಕೆ ಸೇರಬೇಕಾದರೆ ಕ್ಲಾರಿನೆಟ್ ಹಾಳೆಯನ್ನು ಡಿ ಷಡ್ಜಕ್ಕೆ ಬರೆಯಬೇಕು. ಅಕ್ಕಪಕ್ಕ ಕೂತ ಇಬ್ಬರಲ್ಲಿ ಒಬ್ಬರ ಹಾಳೆಯಲ್ಲಿ ಎರಡು ಗುರುತು, ಇನ್ನೊಬ್ಬರದರಲ್ಲಿ ನಾಲ್ಕು. ಕೇಳುವುದು ಒಂದೇ ಮಾಯಾಮಾಳವಗೌಳ. ಕ್ಲಾರಿನೆಟ್ ನುಡಿಸುವ ಗೆಳೆಯರೊಬ್ಬರಿಗೆ ಇದನ್ನು ತೋರಿಸಿದಾಗ, 'ನಂಗಿದೆಲ್ಲ ಬ್ಯಾಡ ಮಾರಾಯ, ರಾಗದ ಹೆಸ್ರು ಹೇಳು, ಊದ್ತೀನಿ' ಅಂದರು. ಊದಿದರು ಕೂಡ. ಆ ಕಿವಿ ಇದ್ದವರಿಗೆ ಹಾಳೆ ಬೇಕಿಲ್ಲ, ಒಪ್ಪುತ್ತೇನೆ. ಅವರ ಮಗ ಓದಿ ಕಲಿಯುತ್ತಿದ್ದಾನೆ. ಆ ನಾಲ್ಕು ಗುರುತು ಅವನಿಗೆ.

ಸಿಗ್ನೇಚರ್ ಹೇಳದೇ ಇರುವುದೂ ಬೇಕಾದಷ್ಟಿದೆ. ಕರ್ನಾಟಕಿ ಭೈರವಿಯಲ್ಲಿ ಏರುವಾಗ ಚತುಶ್ರುತಿ ಧೈವತ, ಇಳಿಯುವಾಗ ಶುದ್ಧ ಧೈವತ. ಎರಡನ್ನೂ ಒಂದು ಸಿಗ್ನೇಚರ್‌ನಲ್ಲಿ ಹೇಳಲು ಆಗುವುದಿಲ್ಲ. ನಾನು ನಟಭೈರವಿಯ ಮೂರು ಫ್ಲಾಟ್ ಹಾಕಿ, ಏರುವ ಧೈವತದ ಪಕ್ಕ ನ್ಯಾಚುರಲ್ ಬರೆಯುತ್ತೇನೆ. ಅಲ್ಲಿ ಅದು ನಿಜವಾಗಿಯೂ ಮೇಳದಿಂದ ಹೊರಗಿನ ಸ್ವರ. ಹಾಗಾಗಿ ಪಕ್ಕದ ಗುರುತು ಅದಕ್ಕೇ ಸಲ್ಲುತ್ತದೆ. ಇನ್ನು ಗಮಕ. ತೋಡಿಯ ಗಾಂಧಾರ ಹೇಗೆ ತೂಗಬೇಕು ಅನ್ನುವುದನ್ನು ಯಾವ ಫ್ಲಾಟೂ ಹೇಳಲಾರದು. ಅದನ್ನು ಗುರುಗಳ ಎದುರು ಕೂತು ಕೇಳಿಯೇ ಕಲಿಯಬೇಕು.

ವಿವಾದಿ ಮೇಳಗಳು, ಅಂದರೆ ಒಂದಕ್ಕೊಂದು ತಾಗಿಕೊಂಡು ಹೊಂದದ ಸ್ವರಗಳಿರುವ ಮೇಳಗಳು, ಬಂದರೆ ಕೆಲಸ ಇನ್ನೂ ಬಿಗಿ. 72ರಲ್ಲಿ 40 ಮೇಳಗಳು ವಿವಾದಿ. ಮೊದಲ ಮೇಳ ಕನಕಾಂಗಿಯಲ್ಲಿ ಶುದ್ಧ ರಿಷಭದ ಮೇಲೆ ಶುದ್ಧ ಗಾಂಧಾರ. ಗಾಂಧಾರ ಎಂದು ಕರೆದರೂ ಕೀಬೋರ್ಡಿನಲ್ಲಿ ಅದು ಡಿ ಮನೆ. ಡಿ ಎಂದೇ ಬರೆದರೆ ಒಂದೇ ಗೆರೆಯ ಮೇಲೆ ರಿಷಭವೂ ಗಾಂಧಾರವೂ ಕೂತುಬಿಡುತ್ತವೆ, ಇ ಜಾಗ ಖಾಲಿ ಉಳಿಯುತ್ತದೆ. ಗಾಂಧಾರ ಗಾಂಧಾರದ ಜಾಗದಲ್ಲೇ ಇರಬೇಕಾದರೆ ಇ ಡಬಲ್ ಫ್ಲಾಟ್ (ಎರಡು ಅರ್ಧ ಸ್ವರ ಇಳಿದ ಇ) ಬರೆಯಬೇಕು, ನಿಷಾದಕ್ಕೆ ಬಿ ಡಬಲ್ ಫ್ಲಾಟ್. ಸಿಗ್ನೇಚರ್‌ನಲ್ಲಿ ಎರಡು ಸಾದಾ ಫ್ಲಾಟ್, ಎರಡು ಡಬಲ್ ಫ್ಲಾಟ್. ಓದುವವರಿಗೆ ಸುಲಭವಾಗಲಿ ಎಂದು ಡಿ ಬರೆಯಿರಿ ಅನ್ನುವವರೂ ಇದ್ದಾರೆ. ನಾನು ಡಬಲ್ ಫ್ಲಾಟ್ ಕಡೆಗೇ. ಏಳು ಸ್ವರಕ್ಕೆ ಏಳು ಜಾಗ ಕಾಣಬೇಕು.

ಬರೆಯುವವರಿಗೆ ಒಂದಿಷ್ಟು ಕೆಲಸದ ಮಾತು. ಮ್ಯೂಸ್‌ಸ್ಕೋರ್ ಎಂಬ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಅದರಲ್ಲಿ ಬೇಕಾದ ಜಾಗಕ್ಕೆ ಬೇಕಾದ ಗುರುತು ಎಳೆದು ಸ್ವಂತ ಸಿಗ್ನೇಚರ್ ಕಟ್ಟಿಕೊಳ್ಳಬಹುದು. ಫ್ಲಾಟ್ ಮತ್ತು ಶಾರ್ಪ್ ಎರಡೂ ಇದ್ದರೆ ನಾನು ಫ್ಲಾಟ್‌ಗಳನ್ನು ಮೊದಲು, ಶಾರ್ಪ್‌ಗಳನ್ನು ಆಮೇಲೆ ಇಡುತ್ತೇನೆ, ಎರಡನ್ನೂ ಅವುಗಳ ಹಳೇ ಸರದಿಯಲ್ಲಿ. ಹೀಗೇ ಇಡಬೇಕೆಂಬ ಕಾನೂನಿಲ್ಲ. ಆದರೆ ಎಲ್ಲ ಹಾಳೆಯಲ್ಲೂ ಒಂದೇ ಥರ ಇದ್ದರೆ ಕಣ್ಣಿಗೆ ರೂಢಿಯಾಗುತ್ತದೆ. ಹಾಡಿನ ಹೆಸರಿನ ಕೆಳಗೆ, ಮೊದಲ ಗೆರೆಗೂ ಮೇಲೆ, ರಾಗದ ಹೆಸರು, ಮೇಳದ ಸಂಖ್ಯೆ, ಷಡ್ಜ ಯಾವುದು ಎಂದು ಕನ್ನಡದಲ್ಲಿ ಬರೆಯಿರಿ. ಆರೋಹಣ, ಅವರೋಹಣಗಳನ್ನು ಗೆರೆಯ ಮೇಲೇ ಒಂದು ಸಾಲು ಬರೆಯಿರಿ. ಮಗು ಮೊದಲು ಆ ಸಾಲನ್ನು ಎರಡು ಸಲ ನುಡಿಸಿ ಆಮೇಲೆ ಹಾಡಿಗೆ ಹೋಗಲಿ. ವಿದ್ಯಾನಗರದ ಹುಡುಗಿಗೆ ಈಗ ಚಕ್ರವಾಕ ರಾಗದ ಹಾಳೆ ಕೊಟ್ಟಿದ್ದೇನೆ. ಅದಕ್ಕೂ ಎರಡೇ ಫ್ಲಾಟ್, ಡಿ ಮತ್ತು ಬಿ.